ದಿಗ್ವ್ರತದ ಎಲ್ಲೆ ದಾಟಿದ ಹೊಗೆ

(ಶೀಲಾ ವಾಟ್-ಕ್ಲೂಟಿಯೆ ಅವರ ‘ದಿ ರೈಟ್ ಟು ಬಿ ಕೋಲ್ಡ್’ ಗ್ರಂಥದ ವಿಮರ್ಶೆ)

ಶ್ರಾವಕಾಚಾರವನ್ನು ಬೋಧಿಸುವ ಗ್ರಂಥಗಳಲ್ಲಿ ಐದು ಅಣುವ್ರತಗಳ ನಂತರ ಗುಣವ್ರತಗಳ ನಿರೂಪಣೆ ಬರುತ್ತದೆ. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ನದಿ, ಪರ್ವತ, ಸಮುದ್ರ ಮುಂತಾದ ಪ್ರಸಿದ್ಧ ಗುರುತುಗಳನ್ನು ಎಲ್ಲೆಯಾಗಿ ಇರಿಸಿಕೊಂಡು, ಬದುಕಿರುವವರೆಗೆ ಅದರಾಚೆ ಹೋಗುವುದಿಲ್ಲವೆಂದು ಗೃಹಸ್ಥನು ಮಾಡಿಕೊಳ್ಳುವ ನಿಯಮವಿದು. ಎಲ್ಲೆಯ ಹೊರಗೆ ಅವನ ಆರಂಭವಾಗಲಿ ವ್ಯವಹಾರವಾಗಲಿ ಇರುವುದಿಲ್ಲ. ಆದಕಾರಣ ಅಲ್ಲಿಯ ಜೀವಗಳಿಗೆ ಅವನಿಂದ ಸೂಕ್ಷ್ಮ ಬಾಧೆಯೂ ಆಗದು. ಆ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಸಮೀಪಕ್ಕೆ ಏರುತ್ತವೆ ಎಂಬುದು ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದ ಅಭಿಪ್ರಾಯ. ಕಾಲ್ನಡಿಗೆಯ, ಎತ್ತಿನ ಗಾಡಿಯ, ಹಾಯಿ ಹಡಗಿನ ಕಾಲದಲ್ಲಿ ಈ ಲೆಕ್ಕದಲ್ಲಿ ದೋಷವಿರಲಿಲ್ಲ. ದೇಹವು ನಿಂತಲ್ಲಿ ಹಿಂಸೆಯೂ ನಿಲ್ಲುತ್ತಿತ್ತು.

ಈ ಲೆಕ್ಕವು ಇಂದಿಗೂ ಸರಿಯಾಗಿದೆಯೇ ಎಂಬ ಪ್ರಶ್ನೆಯನ್ನು ಜೈನ ಗ್ರಂಥವಲ್ಲದ ಒಂದು ಗ್ರಂಥವು ತೀಕ್ಷ್ಣವಾಗಿ ಎತ್ತುತ್ತದೆ. 2015ರಲ್ಲಿ ಕೆನಡಾದಲ್ಲಿ ಪ್ರಕಟವಾದ ‘ದಿ ರೈಟ್ ಟು ಬಿ ಕೋಲ್ಡ್’, ಅಂದರೆ ‘ತಣ್ಣಗಿರುವ ಹಕ್ಕು’, ಇನುಯಿಟ್ ಜನಾಂಗದ ನಾಯಕಿ ಶೀಲಾ ವಾಟ್-ಕ್ಲೂಟಿಯೆ ಅವರ ಆತ್ಮಕಥನ. ಶಾಲಾ ಪಠ್ಯಗಳಲ್ಲಿ ‘ಎಸ್ಕಿಮೊ’ ಎಂಬ ಹೆಸರಿನಿಂದ ಪರಿಚಿತರಾದವರೇ ಈ ಇನುಯಿಟರು. ಬೇಟೆಯಿಂದ ಜೀವಿಸುವ, ಸೀಲ್ ಮತ್ತು ಕ್ಯಾರಿಬೂ ಜಿಂಕೆಯ ಮಾಂಸವನ್ನು ಉಣ್ಣುವ ಜನಾಂಗವೊಂದರ ಕಥೆಯನ್ನು ಅಹಿಂಸಾ ಧರ್ಮದ ಓದುಗರು ಏಕೆ ಓದಬೇಕು ಎಂಬ ಆಕ್ಷೇಪ ಸಹಜವಾದುದು. ಆ ಆಕ್ಷೇಪವನ್ನು ಬದಿಗೆ ಸರಿಸದೆ, ಎದುರಿಗೆ ಇರಿಸಿಕೊಂಡೇ ಈ ಗ್ರಂಥದ ಗುಣದೋಷಗಳನ್ನು ಪರಿಶೀಲಿಸುವುದು ಉಚಿತ.

ಹಿಮದ ನಾಡಿನ ಬಾಲ್ಯ

ಲೇಖಕಿ ಜನಿಸಿದ್ದು 1953ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ನುನಾವಿಕ್ ಪ್ರದೇಶದ ಕೂಜ್ಜುವಾಕ್ ಎಂಬ ಊರಿನಲ್ಲಿ. ಕರ್ನಾಟಕದಿಂದ ಅದು 11,000 ಕಿಲೋಮೀಟರಿಗೂ ಹೆಚ್ಚು ದೂರ. ಅಜ್ಜಿ ಮತ್ತು ತಾಯಿಯ ಆಶ್ರಯದಲ್ಲಿ ಬೆಳೆದ ಅವರಿಗೆ ಬಾಲ್ಯದ ಮೊದಲ ಹತ್ತು ವರ್ಷ ನಾಯಿಗಳು ಎಳೆಯುವ ಜಾರುಬಂಡಿಯೇ ವಾಹನ. ಹತ್ತನೆಯ ವಯಸ್ಸಿನಲ್ಲಿ ಅವರನ್ನು ವಿದ್ಯಾಭ್ಯಾಸಕ್ಕೆಂದು ದೂರದ ನೋವಾ ಸ್ಕೋಷಿಯಾದ ಅಪರಿಚಿತ ಕುಟುಂಬವೊಂದಕ್ಕೆ ಕಳುಹಿಸಲಾಯಿತು. ಮಾತೃಭಾಷೆ, ಮನೆಯ ಊಟ, ಅಜ್ಜಿಯ ಸಾನ್ನಿಧ್ಯ ಮೂರನ್ನೂ ಒಂದೇ ಬಾರಿಗೆ ಕಳೆದುಕೊಂಡ ಆ ಬಾಲಕಿಯ ಒಂಟಿತನದ ಪುಟಗಳು ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಸೇರುತ್ತವೆ. ಅಲ್ಲಿ ಆಕ್ರೋಶವಿಲ್ಲ, ಆದದ್ದನ್ನು ಆದಂತೆ ಹೇಳುವ ಸಂಯಮವಿದೆ.

ಅದೇ ಕಾಲಘಟ್ಟದಲ್ಲಿ, ಅಂದರೆ 1950 ಮತ್ತು 1960ರ ದಶಕಗಳಲ್ಲಿ, ಇನುಯಿಟರ ಬಂಡಿನಾಯಿಗಳನ್ನು ಪೊಲೀಸರೂ ಅಧಿಕಾರಿಗಳೂ ದೊಡ್ಡ ಸಂಖ್ಯೆಯಲ್ಲಿ ಗುಂಡಿಟ್ಟು ಕೊಂದರು. ರೋಗ ತಡೆಯುವುದಕ್ಕೆ, ಊರಿನ ಸುರಕ್ಷತೆಗೆ ಎಂದು ಕಾರಣ ಹೇಳಲಾಯಿತು. ನಾಯಿಗಳು ಹೋದ ಮೇಲೆ ಕುಟುಂಬಗಳು ಹಿಮದ ಮೇಲೆ ಸಂಚರಿಸಲಾಗದೆ ಸರ್ಕಾರವು ಕಟ್ಟಿದ ವಸತಿಗಳಿಗೆ ಕಟ್ಟಿಬಿದ್ದವು. ಈ ಗಾಯ ಮಾಯಲಿಲ್ಲ. ನುನಾವಿಕ್‌ನ ಈ ಶ್ವಾನಹತ್ಯೆಯಲ್ಲಿ ತನ್ನ ಪಾತ್ರಕ್ಕಾಗಿ ಕೆನಡಾದ ಕೇಂದ್ರ ಸರ್ಕಾರವು ವಿಧ್ಯುಕ್ತವಾಗಿ ಕ್ಷಮೆ ಕೋರಿದ್ದು 2024ರ ನವೆಂಬರಿನಲ್ಲಿ. ಮೂಕಪ್ರಾಣಿಗಳನ್ನು ಕಳೆದುಕೊಂಡ ದುಃಖವನ್ನು ಒಂದು ಜನಾಂಗವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊತ್ತು ನಡೆದ ಸಂಗತಿ ಜೀವದಯೆಯ ಅರ್ಥ ಬಲ್ಲವರ ಮನಸ್ಸನ್ನು ಮುಟ್ಟದೆ ಇರದು.

ತಾಯಿಯ ಹಾಲಿಗೆ ಬಂದ ವಿಷ

ಗ್ರಂಥದ ಎರಡನೆಯ ಘಟ್ಟವು ವಿಷದ ಕಥೆ. ಕೀಟನಾಶಕಗಳು, ವಿದ್ಯುತ್ ಯಂತ್ರಗಳಲ್ಲಿ ಬಳಕೆಯಾಗುತ್ತಿದ್ದ ಪಿಸಿಬಿ ಎಂಬ ದ್ರವಗಳು ಮುಂತಾದ ಕೆಲವು ರಾಸಾಯನಿಕಗಳು ಬೇಗ ನಶಿಸುವುದಿಲ್ಲ. ಉಷ್ಣ ದೇಶಗಳಲ್ಲಿ ಆವಿಯಾಗಿ ಮೇಲೇರುತ್ತವೆ. ಗಾಳಿಯೊಂದಿಗೆ ಸಾಗಿ ತಂಪು ಪ್ರದೇಶದಲ್ಲಿ ಇಳಿಯುತ್ತವೆ. ಮತ್ತೆ ಏರಿ ಮತ್ತೆ ಇಳಿದು ಕೊನೆಗೆ ಅತಿ ಶೀತಲವಾದ ಆರ್ಕ್ಟಿಕ್ ಪ್ರದೇಶವನ್ನು ಸೇರುತ್ತವೆ. ಅಲ್ಲಿ ಸಣ್ಣ ಜಲಜೀವಿಗಳಿಂದ ಮೀನಿಗೆ, ಮೀನಿನಿಂದ ಸೀಲಿಗೆ, ಸೀಲಿನಿಂದ ಮನುಷ್ಯನಿಗೆ ದಾಟುತ್ತಾ ಕೊಬ್ಬಿನಲ್ಲಿ ಸಂಚಯವಾಗುತ್ತವೆ. 1980ರ ದಶಕದ ಉತ್ತರಾರ್ಧದಲ್ಲಿ ವಿಜ್ಞಾನಿಗಳು ನುನಾವಿಕ್‌ನ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದರು. ಕಾರ್ಖಾನೆಗಳೇ ಇಲ್ಲದ ನಾಡಿನ ಹಾಲು ನಿರ್ಮಲವಾಗಿರಬೇಕೆಂಬುದು ಅವರ ಎಣಿಕೆಯಾಗಿತ್ತು. ದಕ್ಷಿಣ ಕ್ವಿಬೆಕ್‌ನ ತಾಯಂದಿರ ಹಾಲಿನಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಪಿಸಿಬಿ ಅದರಲ್ಲಿ ಕಂಡುಬಂದಿತು.

ಇನುಯಿಟ್ ಪರಿಷತ್ತಿನ ಪ್ರತಿನಿಧಿಯಾಗಿ ವಾಟ್-ಕ್ಲೂಟಿಯೆ ಅವರು ಈ ವಿಷಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಮಾತುಕತೆಗಳಲ್ಲಿ ಭಾಗವಹಿಸಿದರು. 1999ರಲ್ಲಿ ನೈರೋಬಿಯಲ್ಲಿ ನಡೆದ ಸಭೆಯಲ್ಲಿ ಅವರು ತಾಯಿ ಮತ್ತು ಮಗುವಿನ ಇನುಯಿಟ್ ಶಿಲ್ಪವೊಂದನ್ನು ಕಾಣಿಕೆಯಾಗಿ ನೀಡಿದರು. ಮುಂದಿನ ಸಭೆಗಳಲ್ಲಿ ಅದು ಅಧ್ಯಕ್ಷರ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತಿತ್ತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಬಿದ್ದಿತು. 2004ರಲ್ಲಿ ಅದು ಜಾರಿಗೆ ಬಂದಿತು. ಮೊದಲ ಪಟ್ಟಿಯಲ್ಲಿ 12 ವಿಷಗಳಿದ್ದವು.

ಈ ಪಟ್ಟಿಗೆ ನಂತರ ಸೇರಿದ ಹೆಸರೊಂದನ್ನು ಕನ್ನಡ ಓದುಗರು ಚೆನ್ನಾಗಿ ಬಲ್ಲರು. ದಕ್ಷಿಣ ಕನ್ನಡ ಜಿಲ್ಲೆಯ ಗೇರು ತೋಟಗಳ ಮೇಲೆ 1980ರ ದಶಕದಿಂದ ಹೆಲಿಕಾಪ್ಟರಿನಿಂದ ಸಿಂಪಡಿಸಲಾದ ಎಂಡೋಸಲ್ಫಾನ್ ಆ ವಿಷ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಲ್ಲಿ ಅಂಗವೈಕಲ್ಯದಿಂದ ನರಳಿದ ಮಕ್ಕಳ ಸಂಕಟವನ್ನು ಕರ್ನಾಟಕವೆಲ್ಲ ಕಂಡಿದೆ. ಅದೇ ರಾಸಾಯನಿಕವು ಜಗತ್ತಿನ ಹೊಲತೋಟಗಳಿಂದ ಗಾಳಿಯ ಬೆನ್ನೇರಿ ಆರ್ಕ್ಟಿಕ್ ತಲುಪಿದ್ದನ್ನು ವಿಜ್ಞಾನಿಗಳು ಪತ್ತೆಹಚ್ಚಿದರು. ಅದನ್ನು ಸ್ಟಾಕ್‌ಹೋಮ್ ಪಟ್ಟಿಗೆ ಸೇರಿಸಲು ಈ ದೂರಪ್ರಯಾಣವೂ ಒಂದು ಆಧಾರವಾಯಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದ ಸಭೆ ಅದನ್ನು ಪಟ್ಟಿಗೆ ಸೇರಿಸಿತು. ಮರುತಿಂಗಳೇ ಭಾರತದ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಹಿಡಿಯಿತು. ಪುರಾತನ ಬಸದಿಗಳಿಗೂ ಶ್ರಾವಕ ಮನೆತನಗಳಿಗೂ ಹೆಸರಾದ ಜಿಲ್ಲೆಯೊಂದನ್ನು ಬಾಧಿಸಿದ ವಿಷವೂ ಕೂಜ್ಜುವಾಕ್‌ನ ತಾಯಿಗೆ ಭಯ ತಂದ ವಿಷಗಳೂ ಒಂದೇ ಕುಲದವು. ಆರ್ಕ್ಟಿಕ್ ಪರದೇಶದ ವಿಷಯವೆಂದು ಪುಸ್ತಕವನ್ನು ಮುಚ್ಚಿಡುವ ಅವಕಾಶ ಕರ್ನಾಟಕದ ಓದುಗನಿಗೆ ಇಲ್ಲಿಗೇ ತಪ್ಪಿಹೋಗುತ್ತದೆ.

ಕರಗುವ ನೆಲ, ಸಲ್ಲಿಸಿದ ಅಹವಾಲು

ಮೂರನೆಯ ಘಟ್ಟವು ತಾಪಮಾನದ್ದು. ಗ್ರಂಥಕ್ಕೆ ಹೆಸರು ತಂದುಕೊಟ್ಟ ಭಾಗವೂ ಇದೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳ ದಹನದಿಂದ ಇಂಗಾಲದ ಅನಿಲಗಳು ವಾಯುಮಂಡಲದಲ್ಲಿ ಹೆಚ್ಚಿ ಭೂಮಿಯು ಬಿಸಿಯಾಗುತ್ತಿದೆ. ಈ ಬಿಸಿ ಎಲ್ಲ ಕಡೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಿಮ ಹೊದ್ದ ಮಂಜುಗಡ್ಡೆಯು ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಅದು ಕರಗಿದಾಗ ಬಯಲಾಗುವ ಕಪ್ಪು ಕಡಲು ಬಿಸಿಲನ್ನು ಹೀರಿಕೊಳ್ಳುತ್ತದೆ. ಹೀರಿದ ಬಿಸಿಯು ಇನ್ನಷ್ಟು ಮಂಜನ್ನು ಕರಗಿಸುತ್ತದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 1980ರ ದಶಕದಲ್ಲಿ ಬೇಸಗೆಯ ಕೊನೆಗೂ ಸುಮಾರು 70 ಲಕ್ಷ ಚದರ ಕಿಲೋಮೀಟರು ಉಳಿಯುತ್ತಿದ್ದ ಕಡಲಮಂಜು 2012ರ ಸೆಪ್ಟೆಂಬರಿನಲ್ಲಿ 34 ಲಕ್ಷಕ್ಕೆ ಇಳಿದಿತ್ತು.

ಈ ಅಂಕಿಗಳನ್ನು ವಾಟ್-ಕ್ಲೂಟಿಯೆ ಅವರು ಬೇಟೆಗಾರರ ಬಾಯಿಂದ ಬದುಕಿನ ಮಾತುಗಳಾಗಿ ಕೇಳಿಸುತ್ತಾರೆ. ಮಂಜು ತಡವಾಗಿ ಕಟ್ಟುತ್ತದೆ, ಬೇಗನೆ ಒಡೆಯುತ್ತದೆ. ತಲೆಮಾರುಗಳಿಂದ ಗಟ್ಟಿಯೆಂದು ನಂಬಿದ ದಾರಿಯಲ್ಲಿ ಅನುಭವಿಗಳೇ ಕುಸಿದು ನೀರಿಗೆ ಬೀಳುತ್ತಾರೆ. ರಾತ್ರಿಯ ಆಸರೆಗೆ ಇಗ್ಲೂ ಕಟ್ಟಲು ತಕ್ಕ ಹದದ ಹಿಮ ಸಿಗುವುದಿಲ್ಲ. ಹೆಪ್ಪುಗಟ್ಟಿದ ನೆಲ ಸಡಿಲಗೊಂಡು ಮನೆಗಳ ಅಡಿಪಾಯ ವಾಲುತ್ತದೆ. ತಮ್ಮ ಭಾಷೆಯಲ್ಲಿ ಹೆಸರೇ ಇಲ್ಲದ ಹಕ್ಕಿಗಳು ದಕ್ಷಿಣದಿಂದ ಬರುತ್ತಿವೆ. ಇನುಯಿಟ್ ಭಾಷೆಯ ‘ಸಿಲಾ’ ಎಂಬ ಒಂದೇ ಪದಕ್ಕೆ ಹವಾಮಾನ, ವಾಯು, ವಿವೇಕ ಎಂಬ ಅರ್ಥಗಳೆಲ್ಲ ಇವೆ. ಹವೆಯನ್ನು ಓದಲಾಗದ ಹಿರಿಯನು ವಿವೇಕಿಯೆಂಬ ಗೌರವವನ್ನೂ ಕಳೆದುಕೊಳ್ಳುತ್ತಾನೆ. ಅವನ ಮಾತನ್ನು ನಂಬಿ ನಡೆಯಬೇಕಾದ ಯುವಕನು ದಿಕ್ಕುಗೆಡುತ್ತಾನೆ. ಈ ಆಂತರಿಕ ನಷ್ಟವನ್ನು ತೋರಿಸಿದ್ದು ಲೇಖಕಿಯ ದೊಡ್ಡ ಸಾಧನೆ.

2005ರ ಡಿಸೆಂಬರ್ 7ರಂದು ಅವರು ಕೆನಡಾ ಮತ್ತು ಅಲಾಸ್ಕಾದ 62 ಮಂದಿ ಬೇಟೆಗಾರರು ಹಾಗೂ ಹಿರಿಯರೊಡಗೂಡಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗಕ್ಕೆ ಅಹವಾಲು ಸಲ್ಲಿಸಿದರು. ಅಂದು ಅತ್ಯಧಿಕ ಪ್ರಮಾಣದಲ್ಲಿ ಈ ಅನಿಲಗಳನ್ನು ಹೊರಬಿಡುತ್ತಿದ್ದ ಅಮೆರಿಕ ಸಂಯುಕ್ತ ಸಂಸ್ಥಾನವು ತಮ್ಮ ಜನರ ಬದುಕಿನ ಹಕ್ಕನ್ನು ಉಲ್ಲಂಘಿಸುತ್ತಿದೆ ಎಂಬುದು ಅದರ ಸಾರ. 2006ರ ನವೆಂಬರಿನಲ್ಲಿ ಆಯೋಗವು ಅದನ್ನು ಮುಂದುವರಿಸಲು ನಿರಾಕರಿಸಿತು. 2007ರ ಮಾರ್ಚ್ 1ರಂದು ವಾಷಿಂಗ್ಟನ್ನಿನಲ್ಲಿ ಅವರ ಹೇಳಿಕೆಯನ್ನು ಕೇಳಿಕೊಂಡಿತು, ಅಷ್ಟೆ. ಮೊಕದ್ದಮೆಯ ದೃಷ್ಟಿಯಿಂದ ಅದು ಸೋಲು. ಆದರೆ ಹವಾಮಾನವೆಂಬುದು ಮಾನವ ಹಕ್ಕಿನ ಪ್ರಶ್ನೆಯೆಂದು ಹೇಳಿದ ಆ ಮಾತು ವ್ಯರ್ಥವಾಗಲಿಲ್ಲ. ಹೆಬ್ಬಕ ಪಕ್ಷಿಯ ರಕ್ಷಣೆಯ ಮೊಕದ್ದಮೆಯಲ್ಲಿ 2024ರ ಮಾರ್ಚಿನಲ್ಲಿ ತೀರ್ಪಿತ್ತ ಭಾರತದ ಸರ್ವೋಚ್ಚ ನ್ಯಾಯಾಲಯವು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಗುರುತಿಸಿತು. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯವೂ ಹವಾಮಾನ ರಕ್ಷಣೆಯು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯವೆಂದು ಸಲಹಾಭಿಪ್ರಾಯ ನೀಡಿತು.

ಬೇಟೆಯ ಪ್ರಶ್ನೆ

ಇನ್ನು ಮೊದಲೇ ಹೇಳಿದ ಆಕ್ಷೇಪಕ್ಕೆ ಬರಬೇಕು. ಲೇಖಕಿಯ ದೃಷ್ಟಿಯಲ್ಲಿ ಬೇಟೆಯು ಆಹಾರಸಂಪಾದನೆ ಮಾತ್ರವಲ್ಲದೆ ಒಂದು ಶಿಕ್ಷಣ. ಮಂಜಿನ ರಂಧ್ರದ ಬಳಿ ಸೀಲಿಗಾಗಿ ಗಂಟೆಗಟ್ಟಲೆ ಕಾಯುವವನು ತಾಳ್ಮೆ, ಧೈರ್ಯ, ಉದ್ವೇಗನಿಗ್ರಹ, ವಿವೇಚನೆಗಳನ್ನು ಕಲಿಯುತ್ತಾನೆಂದು ಅವರು ವಾದಿಸುತ್ತಾರೆ. ಇಲ್ಲಿ ಜೈನ ವಿಮರ್ಶೆಯು ಮರ್ಯಾದೆಯಿಂದ ಭಿನ್ನಮತವನ್ನು ದಾಖಲಿಸಬೇಕಾಗುತ್ತದೆ. ಆ ಗುಣಗಳು ನಿಜವಾದವು, ಶ್ಲಾಘ್ಯವಾದವು. ಆದರೆ ಅವು ಹುಟ್ಟುವುದು ಕಾಯುವಿಕೆಯಿಂದ, ನಿಗ್ರಹದಿಂದ. ಕೊಲ್ಲುವ ಕ್ಷಣವು ಆ ಗುಣಗಳಿಗೆ ಏನನ್ನೂ ಸೇರಿಸುವುದಿಲ್ಲ. ಸೀಲ್ ಪಂಚೇಂದ್ರಿಯ ಜೀವ. ಅದರ ವಧೆ ಸಂಕಲ್ಪೀ ಹಿಂಸೆ. ಅದನ್ನು ಅನುಮೋದಿಸುವುದು ಶ್ರಾವಕನಿಗೆ ಸಲ್ಲದು.

ಆದರೆ ಅನುಮೋದಿಸದಿರುವುದು ಒಂದು, ತಿರಸ್ಕರಿಸುವುದು ಇನ್ನೊಂದು. ಮರವೂ ಬೆಳೆಯದ, ಧಾನ್ಯವೂ ಆಗದ ನೆಲದಲ್ಲಿ ಆ ಜನ ಸಾವಿರಾರು ವರ್ಷ ಬದುಕಿದ್ದಾರೆ. ವಿಮಾನದಲ್ಲಿಯೋ ಹಡಗಿನಲ್ಲಿಯೋ ಬರುವ ತರಕಾರಿಗೆ ಅಲ್ಲಿ ತೆರಬೇಕಾದ ಬೆಲೆ ದಕ್ಷಿಣದವರ ಊಹೆಗೂ ಮೀರಿದ್ದು. ಸಮಸ್ತ ಜೀವಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ವಿಪರೀತ ಮಾರ್ಗದವರಲ್ಲಿ ಮಾಧ್ಯಸ್ಥ್ಯ ಎಂದು ತತ್ತ್ವಾರ್ಥಸೂತ್ರವು ನಾಲ್ಕು ಭಾವನೆಗಳನ್ನು ಬೋಧಿಸುತ್ತದೆ. ಬೇಟೆಗಾರನ ಆಚಾರದ ವಿಷಯದಲ್ಲಿ ಮಾಧ್ಯಸ್ಥ್ಯ, ಅವನ ತಾಳ್ಮೆಯ ವಿಷಯದಲ್ಲಿ ಪ್ರಮೋದ, ಅವನ ಕುಸಿಯುವ ಮನೆಯ ವಿಷಯದಲ್ಲಿ ಕಾರುಣ್ಯ, ಅವನೂ ಅವನ ಸೀಲೂ ಸೇರಿದ ಜೀವರಾಶಿಯಲ್ಲಿ ಮೈತ್ರಿ. ಈ ನಾಲ್ಕಕ್ಕೂ ಒಂದೇ ಗ್ರಂಥದಲ್ಲಿ ಅವಕಾಶ ದೊರೆಯುವುದು ಅಪರೂಪ.

ತಿರಸ್ಕಾರಕ್ಕೆ ಅಡ್ಡಿಯಾಗುವ ಇನ್ನೊಂದು ಕಾರಣ ಹೆಚ್ಚು ಕಹಿಯಾದುದು. ಬೇಟೆಗಾರನು ತಾನು ಕೊಂದ ಜೀವವನ್ನು ಕಣ್ಣಾರೆ ಕಂಡಿದ್ದಾನೆ, ಅದನ್ನು ನೆರೆಹೊರೆಗೆ ಹಂಚಿದ್ದಾನೆ. ಉಂಗುರಸೀಲ್ ಎಂಬ ತಳಿಯು ಮಂಜಿನ ಮೇಲಿನ ಹಿಮವನ್ನು ಕೊರೆದು ಗುಹೆ ಮಾಡಿಕೊಂಡು ಅದರೊಳಗೆ ಮರಿ ಹಾಕುತ್ತದೆ. ವಸಂತವು ಅಕಾಲದಲ್ಲಿ ಬಿಸಿಯಾದರೆ ಆ ಗುಹೆಯ ಮಾಡು ಕುಸಿದು, ಮರಿಗಳು ಚಳಿಗೂ ಹಿಮಕರಡಿಗೂ ನರಿಗೂ ಬಯಲಾಗಿ ಸಾಯುತ್ತವೆ. ಈ ಮರಿಗಳನ್ನು ಕೊಂದವರು ಯಾರು? ಕೈಯಲ್ಲಿ ಈಟಿ ಹಿಡಿದವರಲ್ಲ. ಕಂದಮೂಲವನ್ನೂ ವರ್ಜಿಸಿ, ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿದ ಕುಟುಂಬವೊಂದು ಅದೇ ರಾತ್ರಿ ಮದುವೆಯ ಮಂಟಪದಲ್ಲಿ ಸಾವಿರ ದೀಪಗಳಿಗಾಗಿ ಡೀಸೆಲ್ ಜನರೇಟರನ್ನು ಬೆಳಗಿನ ತನಕ ಓಡಿಸಿದರೆ, ಆ ಲೆಕ್ಕದಲ್ಲಿ ಅದಕ್ಕೂ ಒಂದು ಪಾಲಿದೆ.

ವ್ರತಗಳ ಬೆಳಕಿನಲ್ಲಿ

ಅರಿಯದೆ ಆದ ಹಿಂಸೆಗೆ ದೋಷವೆಲ್ಲಿಯದು ಎಂದು ಕೇಳಬಹುದು. ಹಿಂಸೆಯ ಮೂಲವು ಪ್ರಮಾದ, ಅಂದರೆ ಎಚ್ಚರಗೇಡಿತನ, ಎಂದು ಜೈನ ಶಾಸ್ತ್ರವು ನಿರ್ಣಯಿಸಿದೆ. ತಿಳಿಯುವ ಮೊದಲು ಆದದ್ದು ಒಂದು ಬಗೆ. ತಿಳಿದ ನಂತರವೂ ಮುಂದುವರಿದದ್ದು ಪ್ರಮಾದವೇ. ಇನ್ನು ಜಗತ್ತಿನ ಕೋಟಿ ಕೋಟಿ ಜನ ಮಾಡಿದ್ದರಲ್ಲಿ ಒಬ್ಬ ಗೃಹಸ್ಥನ ಪಾಲು ಎಷ್ಟೆಂಬ ಪ್ರಶ್ನೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕರ್ತೃ ಮತ್ತು ಫಲಗಳ ಸಂಖ್ಯೆ ಸದಾ ಸಮನಾಗಿರಬೇಕಿಲ್ಲವೆಂದು ಚರ್ಚಿಸಿದ್ದಾರೆ. ಒಬ್ಬನ ಕೃತ್ಯದಲ್ಲಿ ಅನೇಕರು ಪಾಲುದಾರರಾಗುವ ಸಂದರ್ಭವನ್ನೂ ಅದರ ವಿಪರ್ಯಯವನ್ನೂ ಅವರು ಪರಿಗಣಿಸಿದ್ದಾರೆ. ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳ ವಿಭಾಗವೂ ಇದನ್ನೇ ಹೇಳುತ್ತದೆ. ಜನರ ಗುಂಪಿನಲ್ಲಿ ಕರ್ಮವು ಕರಗಿಹೋಗುವುದಿಲ್ಲ.

ದಿಗ್ವ್ರತದ ಪ್ರಶ್ನೆಗೆ ಶಾಸ್ತ್ರದಲ್ಲಿಯೇ ಒಂದು ಸುಳಿವಿದೆ. ದೇಶವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪುದ್ಗಲಕ್ಷೇಪ. ವ್ರತಿಯು ಎಲ್ಲೆಯೊಳಗೇ ನಿಂತಿದ್ದರೂ ಹೊರಗಿನವರ ಗಮನ ಸೆಳೆಯಲು ಕಲ್ಲು, ಮಣ್ಣುಹೆಂಟೆ ಮೊದಲಾದುದನ್ನು ಆಚೆಗೆ ಎಸೆದರೆ ವ್ರತಕ್ಕೆ ಭಂಗ ಬರುತ್ತದೆಂಬುದು ಅದರ ತಾತ್ಪರ್ಯ. ಆಚಾರ್ಯರು ಹೇಳಿದ ಸಂದರ್ಭ ಬೇರೆ ಎಂಬುದು ನಿಜ. ಆದರೂ ತತ್ತ್ವವು ಸ್ಪಷ್ಟ: ದೇಹವು ದಾಟದಿದ್ದರೂ ವಸ್ತುವು ದಾಟಿದರೆ ಎಲ್ಲೆ ಮುರಿಯಿತು. ಹೊಗೆಯೂ ಪುದ್ಗಲ, ಎಂಡೋಸಲ್ಫಾನೂ ಪುದ್ಗಲ. ಎಸೆದ ಕಲ್ಲು ನಾಲ್ಕು ಮಾರು ದೂರ ಬೀಳುತ್ತದೆ. ಹೊಗೆಯು ಧ್ರುವದವರೆಗೆ ಹೋಗುತ್ತದೆ. ಮನೆಯಂಗಳವನ್ನೇ ಎಲ್ಲೆಯಾಗಿ ಮಾಡಿಕೊಂಡ ಶ್ರಾವಕನೂ ಈಗ ದಿಕ್ಕುಗಳನ್ನೆಲ್ಲ ದಾಟಿದ್ದಾನೆ. ವಾಟ್-ಕ್ಲೂಟಿಯೆ ಅವರ ಗ್ರಂಥವು ಜೈನ ಓದುಗನಿಗೆ ಈ ಅತಿಚಾರದ ಸಾಕ್ಷ್ಯಪತ್ರ.

ವ್ಯಾಪಾರಿ ಓದುಗನಿಗೆ ಇದರಲ್ಲಿ ಅಚೌರ್ಯದ ಪ್ರಶ್ನೆಯೂ ಕಾಣಬೇಕು. ಅಂಗಡಿಯ ಲಾಭವನ್ನು ತನ್ನ ಖಾತೆಗೆ ಜಮಾ ಮಾಡಿಕೊಂಡು ಅದರ ಖರ್ಚನ್ನು ತಿಳಿಯದ ಇನ್ನೊಬ್ಬನ ಖಾತೆಗೆ ಬರೆಯುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪಿಗೆಯಲ್ಲ. ಡೀಸೆಲಿನ ಬೆಲೆಯಲ್ಲಿ ತೈಲದ ಬೆಲೆ, ಸಾಗಣೆ, ತೆರಿಗೆ ಎಲ್ಲ ಸೇರಿವೆ. ನುನಾವಿಕ್‌ನಲ್ಲಿ ವಾಲಿದ ಮನೆಯ ದುರಸ್ತಿಯ ವೆಚ್ಚ ಸೇರಿಲ್ಲ. ಅದನ್ನು ಆ ಮನೆಯವನೇ ತೆರುತ್ತಾನೆ. ಕೊಡಬೇಕಾದುದಕ್ಕಿಂತ ಕಡಿಮೆ ಅಳೆದು ಕೊಡುವುದನ್ನು ಅಚೌರ್ಯದ ಅತಿಚಾರವೆಂದು ಆಚಾರ್ಯರು ಗಣಿಸಿದ್ದಾರೆ. ಈ ಬೆಲೆಯೂ ಹಾಗೆ ಕಡಿಮೆ ಅಳೆದ ಬೆಲೆಯೇ.

ಭಾರತೀಯನ ತಲಾ ಹೊಗೆ ಜಗತ್ತಿನ ಸರಾಸರಿಗಿಂತ ಬಹಳ ಕಡಿಮೆ. ದೊಡ್ಡ ಅಪರಾಧಿಗಳು ಶ್ರೀಮಂತ ರಾಷ್ಟ್ರಗಳವರು ಎಂಬ ಸಮರ್ಥನೆ ಇದೆ. ರಾಷ್ಟ್ರದ ಮಟ್ಟದಲ್ಲಿ ಈ ವಾದವು ನ್ಯಾಯವಾದದ್ದೇ. ಆದರೆ ಸರಾಸರಿಯ ಹಿಂದೆ ಬಡವನು ನಿಲ್ಲಬಹುದೇ ಹೊರತು ಸಿರಿವಂತನು ನಿಲ್ಲಲಾಗದು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಜೈನ ಜನಸಂಖ್ಯೆಯ ಶೇಕಡ 70ಕ್ಕೂ ಹೆಚ್ಚು ಭಾಗ ಸಂಪತ್ತಿನ ಅತ್ಯುನ್ನತ ಐದನೆಯ ಒಂದು ವರ್ಗಕ್ಕೆ ಸೇರಿತ್ತು. ಕೂಲಿಕಾರನ ಒಲೆಯ ಹೊಗೆಯನ್ನು ಎಣಿಕೆಗೆ ಸೇರಿಸಿಕೊಂಡು ತನ್ನ ಕಾರು, ವಿಮಾನ, ತಂಪು ಯಂತ್ರಗಳ ಹೊಗೆಯನ್ನು ಕಡಿಮೆ ಮಾಡಿ ತೋರಿಸುವುದು ಪ್ರಾಮಾಣಿಕ ಲೆಕ್ಕವಲ್ಲ.

ಗ್ರಂಥದ ಕೊರತೆಗಳು

ಗ್ರಂಥವು ದೋಷರಹಿತವಲ್ಲ. ಮಧ್ಯದ ಅಧ್ಯಾಯಗಳಲ್ಲಿ ಸಭೆಗಳು, ಸಮಿತಿಗಳು, ಪ್ರಶಸ್ತಿಗಳು, ಪ್ರಯಾಣಗಳು ಒಂದರ ಮೇಲೊಂದು ಬಂದು ಕಥನವು ವರದಿಯಂತಾಗುತ್ತದೆ. ಬಾಲ್ಯದ ಪುಟಗಳಲ್ಲಿದ್ದ ಹೃದಯಸ್ಪರ್ಶಿ ಸರಳತೆಯು ಅಲ್ಲಿ ಮರೆಯಾಗುತ್ತದೆ.

ತಾತ್ತ್ವಿಕವಾಗಿ ಎರಡು ಕೊರತೆಗಳು ಮುಖ್ಯ. ಮೊದಲನೆಯದು, ಗ್ರಂಥದ ಹಕ್ಕು ಮನುಷ್ಯನ ಹಕ್ಕು. ಸೀಲ್, ಹಿಮಕರಡಿ, ಕ್ಯಾರಿಬೂಗಳು ಇಲ್ಲಿ ಆಹಾರವಾಗಿ, ಸಂಸ್ಕೃತಿಯ ಆಧಾರವಾಗಿ ಗೌರವ ಪಡೆಯುತ್ತವೆ. ತಣ್ಣಗಿರುವ ಹಕ್ಕು ಅವುಗಳಿಗೂ ಸ್ವತಂತ್ರವಾಗಿ ಉಂಟೆಂಬ ಮಾತು ಬಲವಾಗಿ ಬರುವುದಿಲ್ಲ. ಹಿಮವನ್ನೇ ಅಪ್ಕಾಯ ಜೀವಗಳ ಸಾಲಿನಲ್ಲಿ ಎಣಿಸುವ ಜೈನ ದೃಷ್ಟಿಗೆ ಈ ವೃತ್ತ ಕಿರಿದೆನಿಸುತ್ತದೆ. ಎರಡನೆಯದು, ಹಕ್ಕನ್ನು ಕೇಳುವ ಧ್ವನಿ ಸರ್ಕಾರಗಳತ್ತ ತಿರುಗಿದಷ್ಟು ಉಪಭೋಗಿಸುವ ಮನೆಗಳತ್ತ ತಿರುಗುವುದಿಲ್ಲ. ಹಕ್ಕು ಒಬ್ಬನದಾದರೆ ಅದಕ್ಕೆ ಸರಿಯಾದ ಕರ್ತವ್ಯ ಇನ್ನೊಬ್ಬನಲ್ಲಿರಬೇಕು. ಆಯೋಗಗಳು ರಾಷ್ಟ್ರಗಳಿಗೆ ಆಜ್ಞೆ ಮಾಡಬಹುದು. ಆಸೆಗೆ ಆಜ್ಞೆ ಮಾಡಲಾರವು. ಆ ಕೆಲಸವನ್ನು ಪರಿಗ್ರಹಪರಿಮಾಣ ಮತ್ತು ಭೋಗೋಪಭೋಗಪರಿಮಾಣ ಎಂಬ ವ್ರತಗಳು ಮಾಡಬಲ್ಲವು. ಲೇಖಕಿಯ ಬೇಡಿಕೆಗೆ ಜೈನ ಶ್ರಾವಕಾಚಾರವು ಕೊಡಬಹುದಾದ ಉತ್ತರ ಇಲ್ಲಿದೆ.

ಆ ಪ್ರದೇಶದವರು ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ಗ್ರಂಥಕ್ಕೆ ಪೂರಕವಾಗಿ ಹೇಳಬೇಕು. 2009–10ರ ಚಳಿಗಾಲ ಅಸಹಜವಾಗಿ ಬಿಸಿಯಾದ ಮೇಲೆ ಲಾಬ್ರಡಾರ್ ತೀರದ ನೈನ್ ಎಂಬ ಇನುಯಿಟ್ ಊರಿನಿಂದ ‘ಸ್ಮಾರ್ಟ್‌ಐಸ್’ ಎಂಬ ಯೋಜನೆ ಹುಟ್ಟಿತು. ಜಾರುಬಂಡಿಯ ಹಿಂದೆ ಕಟ್ಟಿದ ಉಪಕರಣವು ಮಂಜಿನ ದಪ್ಪವನ್ನು ಅಳೆಯುತ್ತದೆ. ಆ ಅಳತೆಯನ್ನು ಹಿರಿಯರ ಅನುಭವದೊಂದಿಗೆ ಸೇರಿಸಿ ಸುರಕ್ಷಿತ ದಾರಿಯ ನಕ್ಷೆಗಳನ್ನು ರಚಿಸಲಾಗುತ್ತದೆ. ಇನುಯಿಟರ ಊರುಗಳೂ ವಿದ್ಯುತ್ತಿಗೆ ಬಹುಕಾಲದಿಂದ ಡೀಸೆಲನ್ನೇ ನಂಬಿವೆ. ಈ ವೈರುಧ್ಯವನ್ನು ಮುಚ್ಚಿಡಬೇಕಿಲ್ಲ. ಅದನ್ನು ಕಳೆದುಕೊಳ್ಳುವ ಯತ್ನವೂ ಆರಂಭವಾಗಿದೆ. ನುನಾವಿಕ್‌ನ ಇನುಕ್ಜುವಾಕ್ ಎಂಬ ಊರಿನಲ್ಲಿ ಸ್ಥಳೀಯರ ಪಾಲುದಾರಿಕೆಯ 7.5 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಸ್ಥಾವರವು 2023ರಲ್ಲಿ ಕಾರ್ಯಾರಂಭ ಮಾಡಿ ಡೀಸೆಲಿನ ಸ್ಥಾನವನ್ನು ಹಿಡಿಯಿತು. ಹೊಗೆಗೆ ಅತ್ಯಲ್ಪ ಕಾರಣರಾದವರೇ ತಮ್ಮ ಪಾಲನ್ನು ತಗ್ಗಿಸಲು ಮೊದಲಿಟ್ಟಿದ್ದಾರೆ.

ಹಾಗಿರುವಾಗ ಬಸದಿಗಳ ಆಡಳಿತ ಮಂಡಳಿಗಳಿಗೂ ಕುಟುಂಬಗಳಿಗೂ ದಾರಿ ಕಠಿಣವೇನಲ್ಲ. ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯಲ್ಲಿ ನಿಷ್ಪ್ರಯೋಜಕವಾಗಿ ಬೆಂಕಿ ಉರಿಸುವುದನ್ನೂ ಕಾರಣವಿಲ್ಲದೆ ಸಂಚರಿಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಪೂಜೆಗೆ ಬೇಕಾದ ದೀಪ ಬೇರೆ, ಪ್ರದರ್ಶನಕ್ಕೆ ಹಚ್ಚಿದ ದೀಪಮಾಲೆ ಬೇರೆ. ಪಂಚಕಲ್ಯಾಣದ ಲೆಕ್ಕಪತ್ರವನ್ನು ಸಭೆಯ ಮುಂದಿಡುವಾಗ ಎಷ್ಟು ಲೀಟರ್ ಡೀಸೆಲ್ ಉರಿಯಿತೆಂಬ ಒಂದು ಸಾಲನ್ನು ಸೇರಿಸಬಹುದು. ಬಸದಿಯ ವಸತಿಗೃಹದ ತಾರಸಿಯ ಮೇಲೆ ಸೌರ ಫಲಕಗಳನ್ನು ಹಾಕಿಸಬಹುದು. ಚಾತುರ್ಮಾಸದಲ್ಲಿ ನಿಯಮ ಹಿಡಿಯುವವರು ಆಹಾರದ ನಿಯಮದೊಂದಿಗೆ ವಾಹನದ ನಿಯಮವನ್ನೂ ಹಿಡಿಯಬಹುದು. ಇವುಗಳಿಂದ ಆರ್ಕ್ಟಿಕ್‌ನ ಮಂಜು ನಾಳೆಯೇ ಮರಳಿ ಕಟ್ಟುವುದಿಲ್ಲ. ಆದರೆ ವ್ರತವು ಜಗತ್ತಿನ ಫಲವನ್ನು ಕಾದು ಹಿಡಿಯುವಂಥದಲ್ಲ; ತನ್ನಿಂದ ಆಗುವ ಆಸ್ರವವನ್ನು ತಡೆಯುವುದಕ್ಕಾಗಿ ಹಿಡಿಯುವಂಥದು.

ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ ಸ್ವಾಧ್ಯಾಯ ಮಂಡಲಗಳಲ್ಲಿ ಈ ಗ್ರಂಥದ ಕೆಲವು ಅಧ್ಯಾಯಗಳ ಸಾರವನ್ನು ಹೇಳಿಸಿದರೆ ಉಪಕಾರವಾದೀತು. ಪರ್ವದ ಕೊನೆಗೆ ಬರುವ ಕ್ಷಮಾವಣಿಯಂದು ಶ್ರಾವಕ ಶ್ರಾವಿಕೆಯರು ಸಮಸ್ತ ಜೀವಗಳಲ್ಲಿ ಕ್ಷಮೆ ಬೇಡುತ್ತಾರೆ. ಆ ಸಮಸ್ತ ಜೀವಗಳಲ್ಲಿ ಕೂಜ್ಜುವಾಕ್‌ನ ಅಜ್ಜಿಯೂ ಹಿಮದ ಗುಹೆಯ ಸೀಲ್ ಮರಿಯೂ ಸೇರಿದ್ದಾರೆ. ಬೇಡುವ ಮೊದಲು ಅಪರಾಧದ ಲೆಕ್ಕ ತಿಳಿದಿರಬೇಕು. ಈ ಗ್ರಂಥವು ಆ ಲೆಕ್ಕವನ್ನು ಸ್ಪಷ್ಟವಾಗಿ, ದ್ವೇಷವಿಲ್ಲದೆ ಮುಂದಿಟ್ಟಿದೆ.